ಸೋಣಕ್ಕೆ ಇಟ್ಟ ರುಜು

ಒಳ್ಳೆಯ ವಕೀಲರನ್ನು ಹುಡುಕುವುದು ಹೆಣ್ಣು ನೋಡಲು ಹೋದಷ್ಟು ಸುಲಭ ಅಂತ ಯಾರಾದರೂ ಹೇಳಿದರೆ ನಂಬಬೇಡಿ ಮಾರಾಯ್ರೇ. ಹೆಣ್ಣಿನ ಮನೆಯಲ್ಲಿ ಒಂದು ಲೋಟ ಕಾಫಿಯಾದರೂ ಸಿಗುತ್ತದೆ. ಇಲ್ಲಿ ಬೆಂಚಿನ ಮೇಲೆ ಕೂತು ಸೊಂಟ ನೋಯಿಸಿಕೊಂಡು, ಕಡೆಗೂ ಒಳಗೆ ಕರೆದರು ಅನ್ನುವಾಗ, ಆ ಮನುಷ್ಯ ಕನ್ನಡಕದ ಮೇಲಿನಿಂದ ನೋಡಿ ಕೇಳುವ ಮೊದಲ ಪ್ರಶ್ನೆಗೇ ಮುಖ ಎಲ್ಲಿಡುವುದು ಅಂತ ಗೊತ್ತಾಗುವುದಿಲ್ಲ.

"ಇವರು ಯಾರು?"

ಬಿ.ಸಿ. ರೋಡಿನ ಕೋರ್ಟಿನ ಹತ್ತಿರದ ಆ ಆಫೀಸಿನಲ್ಲಿ ವಕೀಲರ ಪೆನ್ನಿನ ತುದಿ ಸೇಸಮ್ಮನ ಕಡೆಗಿತ್ತು. ಉತ್ತರ ಹೇಳಬೇಕಾದವರು ಪಕ್ಕದಲ್ಲಿದ್ದ ಧರ್ಣಪ್ಪ. ಫರಂಗಿಪೇಟೆಯ ಹೆದ್ದಾರಿ ಬದಿಯಲ್ಲಿ ಹೋಟೆಲ್ ನಡೆಸುವ, ಬಂದವರಿಗೆಲ್ಲ ಬಿಸಿ ಗೋಳಿಬಜೆ ಕೊಟ್ಟು ಇಡೀ ಪೇಟೆಯ ಹತ್ತಿರ ಮಾತಾಡುವ ಮನುಷ್ಯ. ಅವತ್ತು ಮಾತ್ರ ತಡವರಿಸಿದರು.

"ನಮ್ಮ... ಮನೆಯವರು" ಅಂದರು.

"ಕಾನೂನು ಪ್ರಕಾರ ಹೆಂಡತಿಯಾ?"

ತೆರೆದ ಬಾಗಿಲಿನಾಚೆ ಬೆಂಚಿನಲ್ಲಿದ್ದ ಬೇರೆ ಕಕ್ಷಿಗಾರರೆಲ್ಲ ತಿರುಗಿ ನೋಡಿದರು. ಸೇಸಮ್ಮ ಸೆರಗು ಸರಿ ಮಾಡಿಕೊಂಡು ನೆಲ ನೋಡುತ್ತ ನಿಂತಳು. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು ಅವಳಿಗೆ.

ವಿಷಯ ಇಷ್ಟೇ. ಧರ್ಣಪ್ಪನಿಗೆ ಧಾರೆಯೆರೆದು ಕೊಟ್ಟ ಹೆಂಡತಿ ಬೇರೆ ಇದ್ದರು, ಕನ್ಯಾನದ ವಾರಿಜ. ಮಗ ನಿತೇಶ್ ಇನ್ನೂ ತೊದಲು ಮಾತಾಡುವಾಗಲೇ ತಾಯಿಮನೆಗೆ ಹೋದವರು ತಿರುಗಿ ಬರಲಿಲ್ಲ. ತಪ್ಪು ಯಾರದ್ದು ಅಂತ ನನ್ನ ಹತ್ತಿರ ಕೇಳಬೇಡಿ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು, ಅಷ್ಟು ನಿಜ. ಡೈವೋರ್ಸ್ ಅಂತ ಯಾರೂ ಕೋರ್ಟು ಹತ್ತಲಿಲ್ಲ. ಆಮೇಲೆ ಹೋಟೆಲಿಗೆ ಅಕ್ಕಿ ಅರೆಯಲು ಬಂದ ಸೇಸಮ್ಮ, ಅರೆಯುತ್ತ ಅರೆಯುತ್ತ ಅಲ್ಲೇ ಉಳಿದಳು. ತವರು ಅಂತ ಹೇಳಿಕೊಳ್ಳಲು ಅವಳಿಗೆ ಯಾರೂ ಇರಲಿಲ್ಲ. ಧರ್ಣಪ್ಪ ಒಂದು ದೇವಸ್ಥಾನದ ಎದುರು ಅವಳಿಗೆ ಕರಿಮಣಿ ಕಟ್ಟಿದರು. ಊರಿನವರು ನಾಲ್ಕು ದಿನ ಗುಸುಗುಸು ಮಾಡಿದರು, ಆಮೇಲೆ ಮರೆತರು. ಗೋಳಿಬಜೆ ಬಿಸಿ ಇದ್ದರೆ ಸಾಕು, ಹಿಟ್ಟು ಕಲಸಿದವಳ ಜಾತಕ ಯಾರಿಗೆ ಬೇಕು! ಮಕ್ಕಳಾಗಲಿಲ್ಲ. ಹೋಟೆಲಿನ ದುಡಿಮೆಯಲ್ಲೇ ಹಿಂದುಗಡೆ ಒಂದು ಸಣ್ಣ ತಾರಸಿ ಮನೆ ಎದ್ದು ನಿಂತಿತು. ಅದರ ಕಲ್ಲು ಹೊತ್ತದ್ದರಲ್ಲಿ ಅರ್ಧ ಸೇಸಮ್ಮ. ಆದರೆ ಜಾಗ, ಮನೆ, ಹೋಟೆಲು ಎಲ್ಲ ಇದ್ದದ್ದು ಧರ್ಣಪ್ಪನ ಹೆಸರಿನಲ್ಲಿ.

ಹೀಗೆಯೇ ಸಾಗುತ್ತಿತ್ತು. ಈ ಬೇಸಗೆಯಲ್ಲಿ ಧರ್ಣಪ್ಪ ಬಾಣಲೆಯ ಎದುರು ಎದೆ ಹಿಡಿದುಕೊಂಡು ಕುಸಿದರು. ಮಂಗಳೂರಿನ ಡಾಕ್ಟರು ಸ್ಟೆಂಟ್ ಹಾಕಿ, ಇನ್ನು ಎಣ್ಣೆಯ ತಿಂಡಿ ಮುಟ್ಟಬೇಡಿ ಅಂತ ಹೇಳಿ ಕಳಿಸಿದರು. ಮನೆಗೆ ಬಂದ ಸಂಜೆಯೇ ಅವರು ಮಾತು ತೆಗೆದರು.

"ಸೇಸು, ಒಂದು ವೀಲು ಬರೆದಿಡುವ. ನಾನು ಹೋದರೆ ನಿನಗೆ ಕಾಲು ಚಾಚಲಿಕ್ಕೆ ಜಾಗ ಬೇಕಲ್ಲ. ಕಾನೂನಿನಲ್ಲಿ ನೀನು ನನಗೆ ಯಾರೂ ಅಲ್ಲ, ಗೊತ್ತುಂಟಾ?"

"ಬಿಡ್ತು ಅನ್ನಿ. ಆಸ್ಪತ್ರೆಯಿಂದ ಬಂದವರು ಆಡುವ ಮಾತಾ ಇದು?"

"ಬಿಡ್ತು ಅಂದರೆ ಸಾವು ಬಿಡ್ತದಾ ಮಾರಾಯ್ತಿ?"

ಧರ್ಣಪ್ಪ ಹಠ ಹಿಡಿದರೆ ಎಮ್ಮೆಯೂ ಅವರೆದುರು ಸೋಲಬೇಕು. ಸೇಸಮ್ಮನಿಗೆ ಮಾತ್ರ ಆ ಮಾತೇ ಬೇಡ. ಅವಳಿಗೆ ಸಾವಿನ ಹೆದರಿಕೆ ಒಂದು ಕಡೆ. ಇನ್ನೊಂದು ಕಡೆ, 'ಆಸ್ತಿ ನೋಡಿ ಒಳಗೆ ಬಂದವಳು' ಅಂತ ಜನ ಅಂದಾರು ಅನ್ನುವ ಹೆದರಿಕೆ. ಆ ಮಾತು ತಪ್ಪಿಸಲಿಕ್ಕೆಂದೇ ಅವಳು ಅಷ್ಟು ವರ್ಷದಲ್ಲಿ ಒಂದು ಕಿವಿಯೋಲೆಯನ್ನೂ ಬಾಯಿಬಿಟ್ಟು ಕೇಳಿದವಳಲ್ಲ.

ಆದರೂ ಹೊರಟರು. ಬಿ.ಸಿ. ರೋಡಿನ ವಕೀಲರು ಎಲ್ಲ ಕೇಳಿ, "ಇದು ನಾಳೆ ತಕರಾರಿಗೆ ಬರುವ ಕೇಸು. ತಕರಾರು ಬಂದಾಗ ಬನ್ನಿ, ಜೋರಾಗಿ ನಡೆಸುವ" ಅಂದರು. ಬೆಂಕಿ ಬಿದ್ದ ಮೇಲೆ ಬಾವಿ ತೋಡಿಸುವ ಜಾತಿ! ಧರ್ಣಪ್ಪ ನಮಸ್ಕಾರ ಹೇಳಿ ಎದ್ದರು.

ಆಮೇಲೆ ಯಾರೋ ಗಿರಾಕಿ ಹೇಳಿದರು ಅಂತ ಸಿದ್ಧಕಟ್ಟೆ ದಾರಿಯಲ್ಲಿ ಬಸ್ಸು ಹಿಡಿದು ಮೂಡುಬಿದಿರೆಗೆ ಹೋದರು. ಅಲ್ಲಿನ ವಕೀಲರು ಭಾರೀ ಹಿರಿಯರು. ಮೊದಲು ಕಿವಿಯ ಮೆಷಿನ್ ಸರಿಮಾಡಿಕೊಂಡರು, ಆಮೇಲೆ ಅಳಿಯಕಟ್ಟಿನ ಕಥೆ ಶುರುಮಾಡಿದರು. ತುಳುವರ ಆಸ್ತಿ ಹಿಂದಿನಿಂದಲೂ ಸೋದರಿಯ ಮಕ್ಕಳಿಗೆ, ಹೆಂಡತಿಗೂ ಅಲ್ಲ, ಮಗನಿಗೂ ಅಲ್ಲ, ಅದರ ಹಿಂದೆ ದೊಡ್ಡ ತತ್ವ ಉಂಟು, ಅಂತ.

"ನನಗೆ ಅಕ್ಕತಂಗಿಯರೇ ಇಲ್ಲ ಸ್ವಾಮಿ" ಅಂದರು ಧರ್ಣಪ್ಪ.

"ಇಲ್ಲವಾ?" ವಕೀಲರಿಗೆ ನಿಜವಾಗಿ ಬೇಸರವಾಯಿತು. "ಛೇ, ಹಾಗಾದರೆ ಕಷ್ಟ." ಅಷ್ಟು ಹೇಳಿ ಯೋಚನೆಗೆ ಅಂತ ಕಣ್ಣು ಮುಚ್ಚಿದವರು ಹಾಗೆಯೇ ಗೊರಕೆಗೆ ಇಳಿದರು. ಇಬ್ಬರೂ ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಿಲ್ಲದೆ ಹೊರಗೆ ಬಂದರು. ಬಸ್ಸಿನಲ್ಲಿ ಧರ್ಣಪ್ಪ ಆ ಗೊರಕೆಯನ್ನು ಮಾಡಿ ತೋರಿಸಿದಾಗ ಸೇಸಮ್ಮ ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿದಳು. ಆಸ್ಪತ್ರೆಯಿಂದ ಬಂದ ಮೇಲೆ ಅವರು ಹಾಗೆ ನಗಿಸಿದ್ದು ಅದೇ ಮೊದಲು.

ಹೀಗೆ ಮಳೆ ಹಿಡಿಯುವ ಕಾರ್ತೆಲ್ ತಿಂಗಳು ಇಡೀ ವಕೀಲರನ್ನು ಹುಡುಕುವುದರಲ್ಲೇ ಹೋಯಿತು. ಕಡೆಗೆ ದಾರಿ ತೋರಿಸಿದ್ದು ರಿಕ್ಷಾದ ಹಾಜಬ್ಬ. ದಿನಾ ಹೋಟೆಲಿನಲ್ಲಿ ಚಹಾ ಕುಡಿಯುವವನು. "ಬೆಳ್ತಂಗಡಿಯಲ್ಲಿ ಸಾತ್ವಿಕಾ ಅಂತ ಒಬ್ಬರು ಲಾಯರಮ್ಮ ಇದ್ದಾರೆ ಧರ್ಣಪ್ಪಣ್ಣ. ನಮ್ಮ ನೆರೆಮನೆಯ ಪಾತುಮ್ಮನ ಜಾಗದ ಕೆಲಸ ಅವರೇ ಮಾಡಿಕೊಟ್ಟದ್ದು. ಮಾತು ಕಮ್ಮಿ, ಕೆಲಸ ಗಟ್ಟಿ" ಅಂದ.

ಬೆಳ್ತಂಗಡಿಯ ಆಫೀಸು ಒಂದು ದಿನಸಿ ಅಂಗಡಿಯ ಮಾಳಿಗೆಯಲ್ಲಿತ್ತು. ಮೆಟ್ಟಿಲು ಹತ್ತುವಾಗ ಧರ್ಣಪ್ಪ ನಡುವೆ ಎರಡು ಸಲ ನಿಂತರು. ಸಾತ್ವಿಕಾ ಇನ್ನೂ ಚಿಕ್ಕ ಪ್ರಾಯದವರು. ಕುರ್ಚಿ ತೋರಿಸಿದರು, ಬಂದ ಕೆಲಸ ಏನೆಂದು ಕೇಳಿಕೊಂಡರು, ನೀರು ಕೊಟ್ಟರು. ಆಮೇಲೆ ಸೇಸಮ್ಮನಿಗೆ, "ಅಮ್ಮ, ನೀವು ಸ್ವಲ್ಪ ಹೊರಗೆ ಕೂತುಕೊಳ್ಳಿ" ಅಂದರು.

ಇಲ್ಲೂ ಅದೇ ಕಥೆಯಾ! ಸೇಸಮ್ಮ ಎದ್ದು ಹೊರಗಿನ ಬೆಂಚಿನಲ್ಲಿ ಕೂತಳು. ಇಡೀ ಜೀವಮಾನ ಹೊರಗಿನ ಬೆಂಚೇ ನನಗೆ ಅಂದುಕೊಂಡಳು. ಬಾಗಿಲು ಹಾಕಿಕೊಂಡಿತು.

ಎಷ್ಟೋ ಹೊತ್ತಿನ ಮೇಲೆ ಸಾತ್ವಿಕಾ ಹೊರಗೆ ಬಂದು ಅವಳ ಪಕ್ಕದಲ್ಲೇ ಕೂತರು. "ಬೇಸರ ಮಾಡಬೇಡಿ ಅಮ್ಮ. ವೀಲು ಬರೆಯುವುದು ನಿಮಗೆ. ನೀವು ಪಕ್ಕದಲ್ಲಿದ್ದರೆ ನಾಳೆ ಒಬ್ಬರು ಹೇಳ್ತಾರೆ, ಇವಳೇ ಹೇಳಿಕೊಟ್ಟು ಬರೆಸಿದಳು ಅಂತ. ಆ ಬಾಯಿ ಮುಚ್ಚಲಿಕ್ಕೆ ನಿಮ್ಮನ್ನು ಹೊರಗೆ ಕೂರಿಸಿದ್ದು."

ಜನರ ಬಾಯಿಗೆ ಅವಳೊಬ್ಬಳೇ ಹೆದರಿಕೊಂಡು ಬಂದವಳು. ಆ ಬಾಯಿ ಮುಚ್ಚಿಸುವ ಯೋಚನೆಯನ್ನು ಬೇರೆ ಯಾರಾದರೂ ಮಾಡಿಯಾರು ಅಂತ ಅವಳ ಕನಸಿನಲ್ಲೂ ಇರಲಿಲ್ಲ. ಇವರೇ ಆಗಬಹುದು ಅಂತ, ಬಾಗಿಲಿಗೆ ಬಂದು ನಿಂತ ಧರ್ಣಪ್ಪನಿಗೆ ಕಣ್ಣಿನಲ್ಲೇ ಹೇಳಿದಳು. ಧರ್ಣಪ್ಪ ಪುರೋಹಿತರಿಗೆ ಕೊಡುವ ಹಾಗೆ ವೀಳ್ಯದೆಲೆ ಅಡಿಕೆಯ ಮೇಲೆ ಮುಂಗಡ ಇಟ್ಟು ಕೊಟ್ಟರು. ಸಾತ್ವಿಕಾ ನಗುತ್ತ ತೆಗೆದುಕೊಂಡು, ಬರುವ ವಾರ ಕರಡು ತಯಾರಿರುತ್ತದೆ ಅಂದರು.

"ಒಳಗೆ ಏನು ಕೇಳಿದರು?" ಬಸ್ಸು ಮಡಂತ್ಯಾರು ದಾಟಿದ ಮೇಲೆ ಸೇಸಮ್ಮ ಕೇಳಿದಳು.

"ನೀನು ಯಾರು ಅಂತ ಕೇಳಿದರು."

"ನೀವು ಏನು ಹೇಳಿದ್ರಿ?"

"ಹೆಂಡತಿ ಅಂದೆ." ಈ ಸಲ ಧರ್ಣಪ್ಪ ತಡವರಿಸಲಿಲ್ಲ. "ಮೇಡಂ ಹೇಳಿದರು, ಆ ಶಬ್ದ ಹಾಕಿದರೆ ಅದನ್ನೇ ಹಿಡಿದು ಎಳೀತಾರೆ, 'ನನ್ನ ಜೊತೆ ಬಾಳಿ ನನ್ನನ್ನು ನೋಡಿಕೊಂಡವಳು' ಅಂತ ಬರೆಯುವ ಅಂತ. ಆಗಲಿ ಅಂದೆ. ಅದೇನು ಸುಳ್ಳಲ್ಲವಲ್ಲ."

ಸೇಸಮ್ಮ ಸೆರಗಿನ ತುದಿಯಲ್ಲಿ ಕಣ್ಣು ಒತ್ತಿಕೊಂಡಳು. ಖುಷಿಗೇ ಅತ್ತದ್ದು, ಬೇರೇನೂ ಅಲ್ಲ.

ಬರುವ ವಾರ ಅಂದದ್ದು ಬಂತು. ಜೊತೆಗೆ ಆಟಿಯೂ ಬಂತು.

ಆಟಿ ಅಂದರೆ ನಮ್ಮ ತುಳುನಾಡಿನವರಿಗೆ ಹೇಳಬೇಕಾಗಿಲ್ಲ, ಘಟ್ಟದ ಮೇಲಿನವರಿಗೆ ಹೇಳುತ್ತೇನೆ. ಆ ಒಂದು ತಿಂಗಳು ಮದುವೆ ಇಲ್ಲ, ಮನೆಯೊಕ್ಕಲು ಇಲ್ಲ, ಹೊಸದು ಅಂತ ಯಾವುದಕ್ಕೂ ಕೈ ಹಾಕುವಂತಿಲ್ಲ. ಸತ್ತ ಹಿರಿಯರಿಗೆ ಎಲೆ ಹಾಕಿ ಬಡಿಸುವ ತಿಂಗಳು ಅದು. ಆಟಿ ಕಳೆದು ಸೋಣ ಬಂದರೆ ಆಮೇಲೆ ಎಲ್ಲ ಶುಭ.

ಆಟಿಯ ಎರಡನೆಯ ದಿನ ಸಾತ್ವಿಕಾ ಬಾಗಿಲು ಹಾಕಿಕೊಂಡು ಧರ್ಣಪ್ಪನಿಗೆ ಕರಡು ಓದಿ ಹೇಳಿದರು. ಎಲ್ಲ ಸರಿ ಉಂಟು. ಸಾಕ್ಷಿಗೆ ಕೆಳಗಿನ ದಿನಸಿ ಅಂಗಡಿಯವರು, ಪಕ್ಕದ ಆಫೀಸಿನ ಇನ್ನೊಬ್ಬರು ಬಂದು ನಿಂತರು. ಧರ್ಣಪ್ಪ ಬಾಗಿಲು ತೆರೆದು ಬೆಂಚಿನಲ್ಲಿದ್ದ ಸೇಸಮ್ಮನಿಗೆ, "ಸೇಸು, ಆಯಿತು. ಈಗ ರುಜು ಹಾಕಿ ಬರ್ತೇನೆ" ಅಂದರು. ಅವರ ಕೈಯಲ್ಲಿ ಪೆನ್ನಿತ್ತು. ಅವರ ತಲೆಯ ಹಿಂದೆ ಗೋಡೆಯಲ್ಲಿ ಕ್ಯಾಲೆಂಡರಿತ್ತು.

"ಇವತ್ತು ಆಟಿ ಅಲ್ಲವಾ?" ಸೇಸಮ್ಮ ಎದ್ದು ನಿಂತಳು. "ಅಯ್ಯೋ ದೇವರೇ, ನನಗೆ ನೆನಪೇ ಇಲ್ಲ. ಬೇಡ. ಇವತ್ತು ಬೇಡ."

"ಅಮ್ಮ, ಕಾನೂನಿಗೆ ಆಟಿಯೂ ಇಲ್ಲ, ಸೋಣವೂ ಇಲ್ಲ" ಅಂದರು ಸಾತ್ವಿಕಾ. "ಸಾಕ್ಷಿಯವರು ಇಲ್ಲೇ ಇದ್ದಾರೆ. ಹತ್ತು ನಿಮಿಷದ ಕೆಲಸ."

"ಒಂದು ಹೊಸ ಸೀರೆ ಉಡಲಿಕ್ಕೂ ಹೆದರುವ ತಿಂಗಳು ಮೇಡಂ. ಅಂಥದ್ದರಲ್ಲಿ 'ನಾನು ಸತ್ತ ಮೇಲೆ' ಅಂತ ಬರೆದ ಕಾಗದಕ್ಕೆ ಇವರು ಕೈ ಹಾಕುವುದಾ? ಸಾವನ್ನು ಹೆಸರು ಹಿಡಿದು ಕರೆದ ಹಾಗೆ ಆಗ್ತದೆ. ಆಟಿ ಕಳೆಯಲಿ."

"ನಮ್ಮ ಮನೆಯಲ್ಲೂ ಆಟಿ ಉಂಟಮ್ಮ. ಆದರೆ ಇವರು ಹಾರ್ಟಿನ ಪೇಷೆಂಟು. ಕಾಯುವುದು ಒಳ್ಳೆಯದಲ್ಲ."

"ಅದಕ್ಕೇ ಹೇಳುವುದು!" ಅಂದಳು ಸೇಸಮ್ಮ.

ಧರ್ಣಪ್ಪ ಪೆನ್ನನ್ನು ನೋಡಿದರು, ಅವಳನ್ನು ನೋಡಿದರು. ಮನಸ್ಸು ಮಾಡಿದ್ದರೆ ಹಾಕಬಹುದಿತ್ತು. ಆದರೆ ಅವಳ ಕಣ್ಣಿನಲ್ಲಿ ನೀರು ಕಂಡರೆ ಆ ಎಮ್ಮೆಯ ಹಠ ಎಲ್ಲಿ ಹೋಗುತ್ತಿತ್ತೋ! "ಇರಲಿ ಮೇಡಂ" ಅಂದರು. "ಸೋಣಕ್ಕೆ ಬರ್ತೇವೆ. ಇವಳಿಗೆ ಸಮಾಧಾನ ಇಲ್ಲದೆ ನಾನು ಯಾವ ಮನೆ ಕೊಟ್ಟು ಏನು?" ಸಾತ್ವಿಕಾ ಇನ್ನೊಮ್ಮೆ ಹೇಳಿ ನೋಡಿದರು. ಕಡೆಗೆ ಸೋಣದ ಮೊದಲ ದಿನ ಬೆಳಿಗ್ಗೆ ಅಂತ ಗುರುತು ಹಾಕಿಕೊಂಡರು.

ಈಗ ನೀವು ಹಣೆ ಚಚ್ಚಿಕೊಳ್ಳುತ್ತೀರಿ, ಗೊತ್ತು. ಪೆದ್ದಿ ಅನ್ನುತ್ತೀರಿ. ಅನ್ನಿ. ನನಗೂ ಸಿಟ್ಟು ಬಂದಿತ್ತು. ಆದರೆ ತನಗೇ ಸಿಗುವ ಮನೆಯನ್ನು ಗಂಡನ ಆಯುಷ್ಯಕ್ಕಾಗಿ ತಳ್ಳಿಹಾಕಿದವಳಿಗೆ ಬೈಯಲು ಹೊರಟರೆ ಬಾಯಿ ಅಲ್ಲಿಗೇ ನಿಲ್ಲುತ್ತದೆ.

ಆ ದಿನಗಳು ಚೆನ್ನಾಗಿಯೇ ಇದ್ದವು. ಸೇಸಮ್ಮ ಪತ್ರೊಡೆ ಮಾಡಿದಳು, ಅದೂ ಎಣ್ಣೆ ಕಮ್ಮಿ ಹಾಕಿ. ಆಟಿ ಅಮಾವಾಸ್ಯೆಯ ಬೆಳಿಗ್ಗೆ ರೂಢಿಯಂತೆ ಹಾಲೆ ಮರದ ತೊಗಟೆಯ ಕಹಿ ಕಷಾಯ ಕುಡಿದು ಧರ್ಣಪ್ಪ ಮುಖ ಹಿಂಡಿದರು. "ಇದಕ್ಕಿಂತ ಸಾಯುವುದು ಸುಖ" ಅಂತ ತಮಾಷೆ ಮಾಡಿ ಅವಳಿಂದ ಬೈಗುಳ ತಿಂದರು. ಸೋಣಕ್ಕೆ ಬೆಳ್ತಂಗಡಿಗೆ ಹೋಗುವಾಗ ಉಡಲು ಯಾವ ಪಂಚೆ ಅಂತ ಎತ್ತಿಟ್ಟದ್ದೂ ಆಗಿತ್ತು.

ಅದಾಗಿ ಕೆಲವೇ ದಿನ. ಬೆಳಗಿನ ಗಿರಾಕಿಗಳ ನಡುವೆ ಧರ್ಣಪ್ಪ ಹೋಟೆಲಿನ ಬೆಂಚಿನಲ್ಲಿ ಕೂತರು. "ಸೇಸು, ಸ್ವಲ್ಪ ನೀರು" ಅಂದರು. ಸೇಸಮ್ಮ ಲೋಟ ಹಿಡಿದು ಬರುವಾಗ ಅವರ ತಲೆ ಗೋಡೆಗೆ ಒರಗಿತ್ತು. ಹಾಜಬ್ಬ ರಿಕ್ಷಾ ತಂದ. ತಂದು ಏನು ಪ್ರಯೋಜನ, ಜೀವ ಆಗಲೇ ಹೋಗಿತ್ತು.

ಕನ್ಯಾನಕ್ಕೆ ಫೋನು ಹೋಯಿತು. ವಾರಿಜಕ್ಕ ಬಂದರು. ವಿಟ್ಲದ ಅಡಿಕೆ ಮಂಡಿಯಲ್ಲಿ ಕೆಲಸ ಮಾಡುವ ನಿತೇಶ್ ಬಂದ. ಅಪ್ಪನ ಮುಖ ಸರಿಯಾಗಿ ನೋಡಿದ್ದೇ ಕಮ್ಮಿ, ಆದರೂ ಹುಡುಗ ಬಿಕ್ಕಿ ಬಿಕ್ಕಿ ಅತ್ತ. ಹೆಣ ತೆಗೆಯುವ ಮೊದಲು ಬಾಯಿಗೆ ತುಳಸಿ ನೀರು ಬಿಡುವುದುಂಟಲ್ಲ, ಸಂಬಂಧದ ಲೆಕ್ಕದಲ್ಲಿ ಹತ್ತಿರದವರು ಮೊದಲು. ಕುಟುಂಬದ ಹಿರಿಯರು ಕರೆದರು: "ಹೆಂಡತಿ ಬನ್ನಿ." ಲೋಟ ಹಿಡಿದು ನಿಂತಿದ್ದ ಸೇಸಮ್ಮನ ಕಾಲು ತನ್ನಷ್ಟಕ್ಕೆ ಒಂದು ಹೆಜ್ಜೆ ಮುಂದೆ ಹೋಯಿತು. ಆಗ ವಾರಿಜಕ್ಕ ಎದ್ದು ಬಂದರು. ಸೇಸಮ್ಮ ಹಿಂದೆ ಸರಿದಳು. ಮಗ, ದಾಯಾದಿಗಳು, ನೆಂಟರು ಎಲ್ಲರದ್ದೂ ಆಯಿತು. "ಇನ್ನು ನೆರೆಕರೆಯವರು ಯಾರಾದರೂ ಇದ್ದರೆ ಬನ್ನಿ" ಅಂದಾಗ ಅವಳು ಹೋದಳು. ಬೆಳಿಗ್ಗೆ ಕೇಳಿದ ನೀರನ್ನು ಅವರಿಗೆ ಆಗ ಕೊಟ್ಟಳು.

ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ವಾರಿಜಕ್ಕನ ಕರಿಮಣಿ ತೆಗೆಸಿದರು. ಸೇಸಮ್ಮನದ್ದನ್ನು ತೆಗೆಯಲು ಯಾರೂ ಬರಲಿಲ್ಲ. ಅವಳು ಅಡುಗೆ ಕೋಣೆಯಲ್ಲಿ ಬಂದವರಿಗೆ ಅನ್ನ ಬಸಿಯುತ್ತಿದ್ದಳು.

ಎಲ್ಲರೂ ಹೋದ ಮೇಲೆ ವಾರಿಜಕ್ಕ ಅವಳನ್ನು ಕರೆದರು. ಒಳ್ಳೆಯ ಮಾತಿನಲ್ಲೇ ಹೇಳಿದರು, ಕೆಟ್ಟ ಹೆಂಗಸಲ್ಲ ಅವರು. "ನಾನೂ ಒಂದು ಆಯುಷ್ಯ ತಾಯಿಮನೆಯ ಮೂಲೆಯಲ್ಲಿ ಕಳೆದವಳು. ಈಗ ಅಣ್ಣನ ಮಕ್ಕಳಿಗೆ ನಾವು ಭಾರ ಆಗಿದ್ದೇವೆ. ಈ ಮನೆ ನಮಗೆ ಬೇಕು. ನೀನು ಏನೂ ತಿಳಿದುಕೊಳ್ಳಬೇಡ."

"ಇಲ್ಲ ಅಕ್ಕ" ಅಂದಳು ಸೇಸಮ್ಮ.

"ಆದರೆ ಈಗಲೇ ಹೋಗು ಅಂತ ಹೇಳುವುದಿಲ್ಲ. ಆಟಿಯಲ್ಲಿ ಯಾರನ್ನೂ ಮನೆಯಿಂದ ಹೊರಗೆ ಕಳಿಸಬಾರದು. ಆಟಿ ಕಳೆಯಲಿ."

ಸೇಸಮ್ಮ ತಲೆ ಆಡಿಸಿದಳು. ತನ್ನ ಬಾಯಿಯ ಮಾತೇ ತಿರುಗಿ ಬಂದದ್ದು ಅವಳಿಗೆ ಗೊತ್ತಾಯಿತು.

ಸೋಣದ ಮೊದಲ ದಿನ ಅವಳು ಬೇಗ ಎದ್ದು ಹೊಸ್ತಿಲು ತೊಳೆದಳು, ರಂಗೋಲಿ ಎಳೆದಳು, ಸೋಣದ ಹೂ ಇಟ್ಟಳು. ಪ್ರತಿ ವರ್ಷ ಮಾಡುತ್ತಿದ್ದದ್ದೇ. ಗಂಡ ಸತ್ತವಳು ಹೊಸ್ತಿಲು ಪೂಜೆ ಮಾಡಬಾರದು ಅನ್ನುವವರಿದ್ದಾರೆ. ಆದರೆ ಕಾನೂನು ಹಿಡಿದು ನೋಡಿದರೆ ಅವಳು ವಿಧವೆಯೂ ಅಲ್ಲವಲ್ಲ! ಅಷ್ಟಾದರೂ ಲಾಭ ಆಗಲಿ ಬಿಡಿ.

ನಿತೇಶ್ ಬಂದ. ಸೇಸಮ್ಮ ಅವನಿಗೆ ಚಹಾ ಕೊಟ್ಟಳು, ಮನೆಯ ಬೀಗದ ಕೈ ಕೊಟ್ಟಳು, ಹೋಟೆಲಿನದ್ದೂ ಕೊಟ್ಟಳು. ಒಂದು ಟ್ರಂಕು, ಒಂದು ಚೀಲ ಬಾಗಿಲ ಹತ್ತಿರ ಇತ್ತು. ಆಗಲೇ ಧರ್ಣಪ್ಪನ ಮೊಬೈಲು ಹೊಡೆದುಕೊಂಡಿತು. ಅದನ್ನು ಅವಳು ದಿನಾ ಚಾರ್ಜ್ ಮಾಡಿ ಇಟ್ಟುಕೊಂಡಿದ್ದಳು.

"ನಮಸ್ಕಾರ, ಸಾತ್ವಿಕಾ ಮಾತಾಡುವುದು. ಆಟಿ ಮುಗಿಯಿತಲ್ಲ! ಧರ್ಣಪ್ಪನವರು ಹೊರಟರಾ?"

"ಹೊರಟರು ಮೇಡಂ" ಅಂದಳು ಸೇಸಮ್ಮ. "ಆಟಿಯಲ್ಲೇ ಹೊರಟು ಹೋದರು."

"ಅವತ್ತು ನಾನು ನಿಮ್ಮನ್ನು ಬಿಡಬಾರದಿತ್ತು ಅಮ್ಮ" ಅಂದರು ಸಾತ್ವಿಕಾ. ಒಮ್ಮೆ ಬನ್ನಿ, ಬೇರೆ ಏನಾದರೂ ದಾರಿ ಉಂಟಾ ನೋಡುವ ಅಂತಲೂ ಹೇಳಿದರು. ಸೇಸಮ್ಮ ಹೂಂ ಅಂದು ಫೋನು ಇಟ್ಟಳು.

ವೀಲಿನ ಲಾಯರಮ್ಮ ಅಂತ ನಿತೇಶನಿಗೆ ಹೇಳಿದಳು. "ಅಪ್ಪ ವೀಲು ಬರೆದಿದ್ದರಾ?"

"ಬರೆಸಿದ್ದರು. ರುಜು ಆಗಲಿಲ್ಲ. ಪೆನ್ನು ಕೈಯಲ್ಲಿತ್ತು, ನಾನೇ ಬೇಡ ಅಂದೆ. ಆಟಿ ಅಂತ."

"ರುಜು ಹಾಕಿದ್ದರೆ ಈ ಮನೆ ನಿಮ್ಮದಾಗ್ತಿತ್ತಲ್ಲ?"

"ಹೌದು."

"ಮತ್ತೆ ಮನೆ ಬೇಡ ಅಂದದ್ದು ಯಾಕೆ?"

"ಮನೆ ಬೇಡ ಅಂದದ್ದಲ್ಲ ಮಗಾ" ಅಂದಳು ಸೇಸಮ್ಮ. "ಅವರು ಬೇಕು ಅಂದದ್ದು."

ನಿತೇಶ್ ಕೈಯಲ್ಲಿದ್ದ ಬೀಗದ ಕೈಯನ್ನೇ ನೋಡುತ್ತ ನಿಂತ. ತಿರುಗಿ ಕೊಡುತ್ತಾನೋ ಅಂತ ಒಂದು ಗಳಿಗೆ ಅನ್ನಿಸಿತು. ಆದರೆ ಅವನಿಗೂ ಮೂಲೆಯಲ್ಲಿ ಕೂತ ತಾಯಿ ಇದ್ದಾಳೆ. ಅವನು ಅದನ್ನು ಕಿಸೆಗೆ ಹಾಕಿಕೊಂಡ. ಟ್ರಂಕು ಮಾತ್ರ ಅವನೇ ಎತ್ತಿ ರಿಕ್ಷಾದಲ್ಲಿಟ್ಟ.

ಸೇಸಮ್ಮ ಹೊಸ್ತಿಲಿನ ಹೂ ತುಳಿಯದ ಹಾಗೆ ಕಾಲು ಎತ್ತಿಟ್ಟು ದಾಟಿದಳು. ಹಾಜಬ್ಬ ಹಿಂದೆ ತಿರುಗಿ ಕೇಳಿದ, "ಎಲ್ಲಿಗೆ ಸೇಸಕ್ಕ?"

"ನೀನು ಮೊದಲು ಹೊರಡು ಹಾಜಬ್ಬ. ಹೇಳ್ತೇನೆ."

ರಿಕ್ಷಾ ಹೆದ್ದಾರಿಗೆ ಬಂತು. ಪೇಟೆ ದಾಟಿತು. ಹಾಜಬ್ಬ ಕನ್ನಡಿಯಲ್ಲಿ ನೋಡಿದ. ಸೇಸಮ್ಮ ಇನ್ನೂ ಹೇಳಿರಲಿಲ್ಲ.